ಹತ್ತು ಇಂಚಿನಲ್ಲಿ ಹತ್ತು ಮಂದಿ: ಮೈಸೂರಿನ ಚಿತ್ರಗಾರರೊಬ್ಬರಿಂದ ಬರೆಸಿದ ಪಟ್ಟಾಭಿಷೇಕದ ಪಟ

ನಮ್ಮ ದೇವರ ಮನೆಯ ಪಶ್ಚಿಮದ ಗೋಡೆಯಲ್ಲಿ ಕಳೆದ ವರ್ಷದ ದೀಪಾವಳಿಯಿಂದ ಒಂದು ಶ್ರೀರಾಮ ಪಟ್ಟಾಭಿಷೇಕದ ಪಟವಿದೆ. ಅಗಲ 10 ಇಂಚು, ಎತ್ತರ 12 ಇಂಚು. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆದು, ಅಪ್ಪಟ ಚಿನ್ನದ ರೇಕು, ಎಂದರೆ ತೆಳುಹಾಳೆ, ಹಚ್ಚಿದ ಚಿತ್ರವಿದು. ಬರೆದವರು ಮೈಸೂರಿನ ಹಳೆಯ ಅಗ್ರಹಾರದ ಬೀದಿಯೊಂದರಲ್ಲಿ ವಾಸವಾಗಿರುವ, ಎಪ್ಪತ್ತು ದಾಟಿದ ಚಿತ್ರಗಾರರು. ಅವರಿಗೆ ಅಂಗಡಿಯಿಲ್ಲ, ಬಾಗಿಲಿಗೆ ಫಲಕವೂ ಇಲ್ಲ. ಹೆಸರು ಹಾಕುವುದು ಬೇಡವೆಂದು ಅವರೇ ಕೇಳಿಕೊಂಡಿದ್ದರಿಂದ ಇಲ್ಲಿ ಹಾಕುತ್ತಿಲ್ಲ. ಬಹಳ ಕಾಲ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಕಾರಣ ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಪಟ ಕಂಡಾದ ಮೇಲೆ ಅದರ ಗುಣದೋಷಗಳನ್ನು ಬರೆಯಬಹುದೆಂದುಕೊಂಡಿದ್ದೆ. ಅದಕ್ಕಿಂತ ಮೊದಲು ಬರೆದಿದ್ದರೆ ಚಿನ್ನದ ಹೊಳಪನ್ನಷ್ಟೇ ಹೊಗಳಿದಂತಾಗುತ್ತಿತ್ತು.

ಹೊಳಪಿಗೆ ಮರುಳಾಗಿ ಒಮ್ಮೆ ಕೈಸುಟ್ಟುಕೊಂಡವಳು ನಾನು. ಆರು ವರ್ಷಗಳ ಹಿಂದೆ, ಪ್ರವಾಸಿಗರು ಹೆಚ್ಚಾಗಿ ಹೋಗುವ ಅಂಗಡಿಯೊಂದರಲ್ಲಿ, ಮೈಸೂರು ಶೈಲಿಯದೇ ಎಂದು ಹೇಳಿ ಮಾರಿದ ಗಜಲಕ್ಷ್ಮಿಯ ಪಟವೊಂದನ್ನು ಕೊಂಡು ತಂದಿದ್ದೆ. ಎರಡನೆಯ ಮಳೆಗಾಲಕ್ಕೆ ಅಮ್ಮನವರ ಕಿರೀಟದ ಅಂಚಿನಲ್ಲಿ ಹಸಿರು ಮಿಶ್ರಿತ ಕಪ್ಪು ಬಣ್ಣ ಕಾಣಿಸಿಕೊಂಡಿತು. ಮೂರನೆಯದಕ್ಕೆ ಪ್ರಭಾವಳಿಯೂ ಕಂದಿತು. ಅದು ತಾಮ್ರ ಮತ್ತು ಸತುವಿನ ಮಿಶ್ರಲೋಹದ ಹಾಳೆ, ಎಂದರೆ ನಮ್ಮ ಹಿತ್ತಾಳೆಯ ಚೆಂಬಿನ ದಾಯಾದಿ. ಗಾಳಿಯ ತೇವ ತಾಗಿದರೆ ಚೆಂಬಿನಂತೆಯೇ ಕಿಲುಬು ಹಿಡಿಯುತ್ತದೆ, ಆದರೆ ಚೆಂಬನ್ನು ಹುಣಸೆಹಣ್ಣು ಹಾಕಿ ಬೆಳಗಿದಂತೆ ಪಟವನ್ನು ಬೆಳಗಲಾಗುವುದಿಲ್ಲ. ಆ ಪಟವನ್ನು ನೋಡಿದ ಮೇಷ್ಟ್ರು ಚಿನ್ನದ ಬಗ್ಗೆ ಏನೂ ಹೇಳಲಿಲ್ಲ. ಆನೆಯ ಸೊಂಡಿಲಿನ ಗೆರೆಯನ್ನು ಬೆರಳಿನಿಂದ ತೋರಿಸಿ, "ಇದನ್ನು ಬರೆದ ಹುಡುಗನಿಗೆ ಕೈ ಇದೆ, ಆದರೆ ಅವನಿಗೆ ಸಮಯ ಕೊಟ್ಟಿಲ್ಲ" ಎಂದರು.

ಪಟ ಬೇಕೆಂದು ಮೊದಲ ಸಲ ಹೋದಾಗ ಅವರು ಬೆಲೆಯನ್ನೋ ಅಳತೆಯನ್ನೋ ಮಾತನಾಡುವ ಮುನ್ನ ಕೇಳಿದ ಪ್ರಶ್ನೆ ಒಂದೇ: "ಯಾವ ಗೋಡೆಗೆ ಹಾಕುತ್ತೀರಿ ತಾಯಿ?" ವಾಸ್ತುವಿನ ಮಾತಿರಬೇಕೆಂದು ನಾನು ಸುಮ್ಮನೆ ಪಶ್ಚಿಮದ ಗೋಡೆ ಎಂದೆ. ಅವರು ಒಳಗಿನಿಂದ ಒಂದು ಹಿಡಿ ಹುಣಸೆಬೀಜ ತಂದು, ಮಂದಲಿಗೆಯ ಮೇಲೆ ಮಧ್ಯದಲ್ಲಿ ಒಂದನ್ನಿಟ್ಟು, 'ವಾಮೇ ಭೂಮಿಸುತಾ' ಎಂದು ಆರಂಭವಾಗುವ ಧ್ಯಾನಶ್ಲೋಕವನ್ನು ಹೇಳುತ್ತ ಒಂದೊಂದೇ ಬೀಜವನ್ನು ಸುತ್ತಲೂ ಇಡತೊಡಗಿದರು. ನಮ್ಮಲ್ಲಿ ಹಲವರು ದಿನವೂ ಹೇಳುವ ಶ್ಲೋಕವದು. ಎಡಕ್ಕೆ ಸೀತೆ, ಎದುರಿಗೆ ಹನುಮಂತ, ಹಿಂದೆ ಲಕ್ಷ್ಮಣ, ಎರಡು ಪಕ್ಕಗಳಲ್ಲಿ ಶತ್ರುಘ್ನ ಭರತರು, ವಾಯವ್ಯದಿಂದ ಮೊದಲುಗೊಂಡು ನಾಲ್ಕು ಮೂಲೆಗಳಲ್ಲಿ ಸುಗ್ರೀವ, ವಿಭೀಷಣ, ತಾರೆಯ ಮಗನಾದ ಅಂಗದ ಮತ್ತು ಜಾಂಬವಂತ, ನಡುವೆ ನೀಲಕಮಲದ ಬಣ್ಣದ ರಾಮ. ಬೀಜಗಳನ್ನು ಎಣಿಸಿದರೆ ಹತ್ತು. ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಶ್ಲೋಕವು ಒಂದು ನಕ್ಷೆ ಎಂಬುದು ನನಗೆ ಹೊಳೆದದ್ದು ಅಂದೇ.

ನಕ್ಷೆ ಎಂದಮೇಲೆ ಅದಕ್ಕೆ ದಿಕ್ಕು ಬೇಕು. ಪಟ ಪಶ್ಚಿಮದ ಗೋಡೆಯಲ್ಲಿದ್ದರೆ ರಾಮನು ಪೂರ್ವಾಭಿಮುಖನಾಗಿರುತ್ತಾನೆ. ಆಗ ಅವನ ಎಡಗೈ ಉತ್ತರಕ್ಕೆ, ಅಂದರೆ ನೋಡುವವರ ಬಲಕ್ಕೆ ಬರುತ್ತದೆ. ಬೆನ್ನ ಹಿಂದಿನ ಪಶ್ಚಿಮವು ಪಟದ ಮೇಲ್ಭಾಗವಾದ್ದರಿಂದ ವಾಯವ್ಯದ ಸುಗ್ರೀವನು ನಮ್ಮ ಬಲಗಡೆಯ ಮೇಲಿನ ಮೂಲೆಗೂ, ಈಶಾನ್ಯದ ವಿಭೀಷಣನು ಅದರ ಕೆಳಗಿನ ಮೂಲೆಗೂ, ಆಗ್ನೇಯದ ಅಂಗದನು ಎಡಗಡೆಯ ಕೆಳಮೂಲೆಗೂ, ನೈಋತ್ಯದ ಜಾಂಬವಂತನು ಎಡಗಡೆಯ ಮೇಲ್ಮೂಲೆಗೂ ಬರಬೇಕು. ಇದನ್ನು ಪೂರ್ತಿ ಗ್ರಹಿಸದೆ ನಾನು, "ಸೀತಮ್ಮ ಎಡಕ್ಕೆ ಎಂದಿರಿ, ಬೀಜ ಬಲಕ್ಕಿದೆಯಲ್ಲ ಮೇಷ್ಟ್ರೆ" ಎಂದು ಕೇಳಿದೆ. ಅವರು ನಕ್ಕರು. "ಎಡ ರಾಮನದು, ನಿಮ್ಮದಲ್ಲ."

ಈ ಕಟ್ಟುನಿಟ್ಟು ಒಂದು ಚಿಕ್ಕ ಜಟಾಪಟಿಗೂ ಕಾರಣವಾಯಿತು. ಪಟ್ಟಾಭಿಷೇಕ ಮಾಡಿಸಿದವರು ವಸಿಷ್ಠರಲ್ಲವೇ, ಅವರಿಲ್ಲದ ಪಟ್ಟಾಭಿಷೇಕವೆಂಥದು ಎಂಬುದು ನಮ್ಮ ಅತ್ತೆಯವರ ಆಕ್ಷೇಪ. ಮೂರು ಸಲ ದೂರವಾಣಿಯಲ್ಲಿ ವಿನಂತಿಸಿದರೂ ಮೇಷ್ಟ್ರು ಒಪ್ಪಲಿಲ್ಲ. ದೊಡ್ಡ ಅಳತೆಯ ಪಟವಾದರೆ ಋಷಿಗಳನ್ನೂ ದೇವತೆಗಳನ್ನೂ ಸೇರಿಸುವ ಪದ್ಧತಿ ಇದೆಯೆಂದೂ, ಈ ಅಳತೆಗೆ ಶ್ಲೋಕವನ್ನು ಮೀರಬಾರದೆಂದೂ ಹೇಳಿ, "ಇದು ಕಥೆಯ ಚಿತ್ರವಲ್ಲ ತಾಯಿ, ಧ್ಯಾನದ ಚಿತ್ರ" ಎಂದು ಮಾತು ಮುಗಿಸಿದರು. ಹಣ ಕೊಟ್ಟು ಮಾಡಿಸುವವರು ಇಂಥ ಉತ್ತರಕ್ಕೆ ಸಿದ್ಧರಾಗಿ ಹೋಗಬೇಕು. ಆಗ ನನಗೆ ಬೇಸರವಾಗಿತ್ತು. ಆದರೆ ಶ್ಲೋಕವನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುವ ಈ ಕ್ರಮ ಮೇಷ್ಟ್ರ ಹಟವಷ್ಟೇ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದ ಒಂಬತ್ತು ನಿಧಿಗಳಲ್ಲಿ ದೇವತೆಗಳ ಧ್ಯಾನಶ್ಲೋಕಗಳನ್ನು ಕೊಟ್ಟು, ಆ ಶ್ಲೋಕಗಳಿಗೆ ತಕ್ಕ ಚಿತ್ರವನ್ನು ಬರೆಸಿ ಜೋಡಿಸಿದ ಗ್ರಂಥ. ಮೈಸೂರಿನ ಚಿತ್ರಗಾರನಿಗೆ ಅದು ಕೈಪಿಡಿಯೂ ಹೌದು, ಲಕ್ಷ್ಮಣರೇಖೆಯೂ ಹೌದು.

ಕೆಲಸದ ಹಂತಗಳನ್ನು ನೋಡಲೆಂದೇ ನಾನು ಬೆಂಗಳೂರಿನಿಂದ ನಾಲ್ಕು ಬಾರಿ ಹೋಗಿಬಂದೆ. ಮೊದಲ ಬಾರಿ ಕಂಡದ್ದು ಬರಿಯ ಇದ್ದಿಲಿನ ಗೆರೆ. ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು ಮಾಡಿದ ಇದ್ದಿಲು ಅದು. ಬಟ್ಟೆಯಿಂದ ಒರೆಸಿದರೆ ಹೋಗುವುದರಿಂದ ತಿದ್ದುವುದಕ್ಕೆ ಅನುಕೂಲ. ರಾಮನ ಮುಖದ ಉದ್ದವನ್ನೇ ಒಂದು ತಾಳವೆಂದು ಹಿಡಿದು ಉಳಿದ ಅಂಗಗಳನ್ನು ಅಳೆದಿದ್ದರು. ಆ ಮುಖ ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಜಾಂಬವಂತನ ಕಣ್ಣೆಂದರೆ ಒಂದು ಎಳ್ಳುಕಾಳು. ದೊಡ್ಡ ಪಟದಲ್ಲಿ ಕೈ ಒಂದು ಕೂದಲೆಳೆಯಷ್ಟು ತಪ್ಪಿದರೆ ತಿಳಿಯುವುದಿಲ್ಲ, ಇಲ್ಲಿ ಅಷ್ಟಕ್ಕೇ ಸೀತೆಯ ಮುಗುಳ್ನಗೆ ಮುನಿಸಾಗುತ್ತದೆ ಎಂದು ಅವರು ಹೇಳಿದ್ದರಲ್ಲಿ ಅತಿಶಯೋಕ್ತಿ ಇರಲಿಲ್ಲ. ಕಾಗದದ ಚೂರೊಂದರ ಮೇಲೆ ಅಂಥ ಎರಡು ಮುಖಗಳನ್ನು ಬರೆದು ತೋರಿಸಿದರು.

ಎರಡನೆಯ ಭೇಟಿಯಲ್ಲಿ ನೋಡಿದ ಉಬ್ಬು ಕೆಲಸವೇ ಈ ಪಟದ ಜೀವಾಳವೆಂದು ನನ್ನ ಅಭಿಪ್ರಾಯ. ಸಫೇದ ಎಂಬ ಬಿಳಿ ಬಣ್ಣದ ಪುಡಿ, ಗೋಂದು ಮತ್ತು ಹಳದಿಯ ಮರದ ಹಾಲು ಕೂಡಿಸಿ ಅರೆದ ಲೇಪವನ್ನು ಕುಂಚದ ತುದಿಯಲ್ಲಿ ತೆಗೆದುಕೊಂಡು, ಒಡವೆ, ಕಿರೀಟ, ಸಿಂಹಾಸನ, ಮಂಟಪದ ಕಮಾನು ಇವುಗಳ ಗೆರೆಯ ಮೇಲೆ ಪದರ ಪದರವಾಗಿ ಏರಿಸುತ್ತಾರೆ. ಆ ಹಳದಿ ಹಾಲು ಕೊಡುವ ಮರ ನಮ್ಮ ಕರಾವಳಿಯ ಪುನರ್ಪುಳಿಯ ಜಾತಿಗೇ ಸೇರಿದ್ದು. ಇಂದಿನವರು ಈ ಕೆಲಸವನ್ನು ಜೆಸ್ಸೊ ಎನ್ನುತ್ತಾರೆ. ತಂಜಾವೂರಿನ ಪಟದಲ್ಲಿ ಉಬ್ಬು ದಪ್ಪಗಿದ್ದು, ನಡುನಡುವೆ ಬಣ್ಣದ ಕಲ್ಲುಗಳನ್ನೂ ಗಾಜನ್ನೂ ಕೂರಿಸುತ್ತಾರೆ. ಮೈಸೂರಿನದರಲ್ಲಿ ಕಲ್ಲಿಲ್ಲ, ಉಬ್ಬು ಕಣ್ಣಿಗಿಂತ ಬೆರಳಿಗೇ ಬೇಗ ತಿಳಿಯುವಷ್ಟು ತೆಳು. ಮುತ್ತಿನ ಸರವೆಂದರೆ ಒಂದೊಂದು ಮುತ್ತಿಗೂ ಒಂದೊಂದು ಚುಕ್ಕೆ ಲೇಪ ಇಡಬೇಕು. ಸೀತೆಯ ಕೊರಳಿನ ಎರಡೆಳೆಯ ಸರವೊಂದಕ್ಕೇ ಒಂದು ಬೆಳಗ್ಗೆ ಹಿಡಿಯಿತಂತೆ. ಲೇಪ ಒಣಗಿದ ಮೇಲೆ ಅಂಟು ಸವರಿ ಚಿನ್ನದ ರೇಕನ್ನು ಕೂರಿಸಿ, ಒಳಗಿನ ಕುಸುರಿಯೆಲ್ಲ ಮೇಲೆ ಮೂಡುವಂತೆ ಮೆಲ್ಲನೆ ಒತ್ತುತ್ತಾರೆ. ನಾವು ಹಣ ಕೊಡುವುದು ಚಿನ್ನಕ್ಕೆಂದು ಭಾವಿಸಿರುತ್ತೇವೆ. ಮೇಷ್ಟ್ರು ಬರೆದಿಟ್ಟಿದ್ದ ಲೆಕ್ಕದಲ್ಲಿ ರೇಕಿನ ಪಾಲು ಐದರಲ್ಲಿ ಒಂದು ಭಾಗವೂ ಇರಲಿಲ್ಲ.

ಇದನ್ನು ಪರೀಕ್ಷಿಸುವ ಬಗೆಯನ್ನು ಕೊಳ್ಳುವವರಿಗಾಗಿ ಹೇಳುತ್ತೇನೆ. ಪಟವನ್ನು ವಿದ್ಯುದ್ದೀಪದ ಕೆಳಗೆ ನೋಡಬೇಡಿ. ಕೋಣೆ ಕತ್ತಲು ಮಾಡಿ, ಎಣ್ಣೆಯ ದೀಪವೊಂದನ್ನು ಪಟದ ಪಕ್ಕಕ್ಕೆ ಹಿಡಿದು ನೋಡಿ. ಅಚ್ಚಿನಲ್ಲಿ ಒತ್ತಿದ ಹಾಳೆಯಾದರೆ ಇಡೀ ಮೈ ಒಮ್ಮೆಗೇ ಹೊಳೆದು ಒಮ್ಮೆಗೇ ಆರುತ್ತದೆ. ನಮ್ಮ ಪಟದಲ್ಲಿ ದೀಪ ಅಲುಗಿದಂತೆಲ್ಲ ಮೊದಲು ಕಮಾನು, ಆಮೇಲೆ ಕಿರೀಟ, ಆಮೇಲೆ ಹನುಮಂತನ ತೋಳ್ಬಳೆ, ಹೀಗೆ ಹೊಳಪು ಒಂದರಿಂದೊಂದಕ್ಕೆ ಸರಿಯುತ್ತದೆ. ಇಂಥ ಪಟಗಳು ಹುಟ್ಟಿದ್ದೇ ಎಣ್ಣೆದೀಪದ ಮನೆಗಳಿಗಾಗಿ ಎಂಬುದನ್ನು ಮರೆಯಬಾರದು.

ಬಣ್ಣದ ವಿಷಯದಲ್ಲಿ ಮೇಷ್ಟ್ರು ಮುಚ್ಚುಮರೆ ಮಾಡಲಿಲ್ಲ. ತಂದೆಯವರು ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಳ, ಕಪ್ಪಿಗೆ ದೀಪದ ಕಾಡಿಗೆ ಇವನ್ನೆಲ್ಲ ತಾವೇ ಅರೆಯುತ್ತಿದ್ದರೆಂದೂ, ತಾವು ಅಂಗಡಿಯ ಜಲವರ್ಣವನ್ನೇ ಹೆಚ್ಚಾಗಿ ಬಳಸುವುದಾಗಿಯೂ, ಕಪ್ಪು ಮಾತ್ರ ಇಂದಿಗೂ ಮನೆಯಲ್ಲಿ ಮಾಡಿದ್ದೆಂದೂ ಹೇಳಿದರು. ಇಂಗಳೀಕದಲ್ಲಿ ಪಾದರಸ, ಹರಿದಳದಲ್ಲಿ ಪಾಷಾಣ ಇರುವುದರಿಂದ ಅವನ್ನು ಬಿಟ್ಟದ್ದು ಒಳ್ಳೆಯದೇ ಆಯಿತೆಂದು ನನಗನ್ನಿಸಿತು. 'ಸಂಪೂರ್ಣ ನೈಸರ್ಗಿಕ ವರ್ಣ' ಎಂಬ ಚೀಟಿ ಅಂಟಿಸಿ ಮಾರುವವರಿಗಿಂತ ಈ ಪ್ರಾಮಾಣಿಕತೆ ಮೇಲು. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಮಂಟಪದ ಹಿಂದಿನ ಪರದೆಗೆ ಹಚ್ಚಿದ ಹಸಿರು ಸ್ವಲ್ಪ ಅಬ್ಬರದ್ದು; ಹಳೆಯ ಪಟಗಳ ಮಾಗಿದ ಹಸಿರು ಅದರಲ್ಲಿಲ್ಲ.

ಮೇಷ್ಟ್ರ ದಿನಚರಿಯೇ ಪಟ ತಡವಾಗುವುದರ ಕಾರಣವನ್ನೂ ತಿಳಿಸುತ್ತದೆ. ಸ್ನಾನ, ಸಂಧ್ಯಾವಂದನೆ ಮುಗಿಸಿ ಏಳು ಗಂಟೆಗೆ ಜಗಲಿಯ ಪಕ್ಕದ ಕಿಟಕಿಯ ಬಳಿ, ಇಳಿಜಾರಿನ ಪುಟ್ಟ ಮೇಜಿನ ಮುಂದೆ ಕುಳಿತರೆ ಹನ್ನೊಂದರವರೆಗೆ ಮಾತ್ರ ಸಣ್ಣ ಕೆಲಸ. ಬಿಸಿಲು ಕಿಟಕಿ ದಾಟಿ ಹೋದ ಮೇಲೆ ಕುಂಚ ಮುಟ್ಟುವುದಿಲ್ಲ. ಮಧ್ಯಾಹ್ನ ಲೇಪ ಅರೆಯುವುದು, ಹಲಗೆಗೆ ಕಾಗದ ಅಂಟಿಸುವುದು ಇತ್ಯಾದಿ. ಇವುಗಳಲ್ಲಿ ಅವರ ಮಡದಿಯವರ ಕೈಯೂ ಇದೆ. ಲೇಪದ ಹದವನ್ನು ಬೆರಳಿನಲ್ಲಿ ಎಳೆದು ನೋಡಿ, ಸಾಕು ಅಥವಾ ಇನ್ನಷ್ಟು ಅರೆಯಬೇಕು ಎಂದು ತೀರ್ಪು ಕೊಡುವವರು ಅವರೇ. ಮಕ್ಕಳಿಬ್ಬರೂ ಬೇರೆ ಉದ್ಯೋಗದಲ್ಲಿದ್ದಾರೆ. ಶನಿವಾರ ಇಬ್ಬರು ಹುಡುಗಿಯರು ಕಲಿಯಲು ಬರುತ್ತಾರೆ. ಮೊದಲ ಆರು ತಿಂಗಳು ಗೆರೆಯ ಹೊರತು ಬೇರೇನನ್ನೂ ಕಲಿಸುವುದಿಲ್ಲವಾದ್ದರಿಂದ ಮೂರನೆಯವಳು ಬಿಟ್ಟುಹೋದಳಂತೆ.

ಪಟ ಬರೆಯುವುದರಿಂದಲೇ ಸಂಸಾರ ನಡೆಯುವುದು ತಂದೆಯ ಕಾಲಕ್ಕೇ ಕಷ್ಟವಾಗಿತ್ತು ಎಂದು ಅವರು ಹೇಳಿದಾಗ ನನಗೆ ನಮ್ಮ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ದೇವರ ಕೋಣೆಯ ತುಂಬ ಇದ್ದದ್ದು ಅಚ್ಚಾದ ಪಟಗಳೇ. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ, ಕೆಲವೇ ಆಣೆಗಳಿಗೆ ಸಿಗುವ ಲಕ್ಷ್ಮಿ ಸರಸ್ವತಿಯರು ಮನೆಮನೆಗೆ ಬಂದರು; ಕೈಯಿಂದ ಬರೆದ ಚಿಕ್ಕ ಪಟದ ಗಿರಾಕಿ ಕರಗಿದ. 1565ರ ಯುದ್ಧದ ತರುವಾಯ ವಿಜಯನಗರದಿಂದ ಚದುರಿದ ಚಿತ್ರಗಾರರಿಗೆ ಶ್ರೀರಂಗಪಟ್ಟಣದಲ್ಲಿಯೂ ಮೈಸೂರಿನಲ್ಲಿಯೂ ಆಶ್ರಯ ಕೊಡಲು ಅರಸರಿದ್ದರು. ಅಚ್ಚಿನ ಯಂತ್ರದೆದುರು ಸೋತವರು ಆಶ್ರಯಕ್ಕಾಗಿ ಶಾಲೆಯ ಡ್ರಾಯಿಂಗ್ ತರಗತಿಗೆ ಹೋಗಬೇಕಾಯಿತು. ಈಗ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೇಷ್ಟ್ರಿಗೆ ಆ ವಿಷಯ ಗೊತ್ತಿದೆ, ಸಂತೋಷವೂ ಇದೆ. ಆದರೆ ಅದರಿಂದ ತಮ್ಮ ಬಾಗಿಲಿಗೆ ಹೆಚ್ಚು ಜನ ಬಂದರೇ ಎಂದು ಕೇಳಿದ್ದಕ್ಕೆ, "ನೀವು ಬಂದಿರಲ್ಲ" ಎಂದು ತೇಲಿಸಿಬಿಟ್ಟರು.

ಕಡೆಯ ಭೇಟಿ ಕಣ್ಣು ತೆರೆಸುವ ದಿನದ್ದು. ಹತ್ತು ಮಂದಿಯೂ ಬಟ್ಟೆ ಒಡವೆಗಳೊಂದಿಗೆ ಸಿದ್ಧರಾಗಿ, ಕಣ್ಣಿಲ್ಲದೆ ಎರಡು ವಾರ ಕಾದಿದ್ದರು. ಬೆಳಗ್ಗೆ ಆರೂಮುಕ್ಕಾಲಿಗೆ ನಾನು ಹೋದಾಗ ಮೇಷ್ಟ್ರು ಇನ್ನೂ ಕಾಫಿಯನ್ನೂ ಕುಡಿದಿರಲಿಲ್ಲ. ಅಂದು ಕೆಲಸ ಮುಗಿಯುವವರೆಗೆ ಏನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಮಡದಿಯವರು ಮೆಲುದನಿಯಲ್ಲಿ ಹೇಳಿದರು. ಅಳಿಲಿನ ಬಾಲದ ಕೂದಲಿನ ಕುಂಚವನ್ನು ಕಾಡಿಗೆಯಲ್ಲಿ ಅದ್ದಿ, ಹೆಬ್ಬೆರಳಿನ ಉಗುರಿನ ಮೇಲೆ ತುದಿ ಮಾಡಿಕೊಂಡು, ಮೂಲೆಗಳಲ್ಲಿದ್ದ ನಾಲ್ವರಿಂದ ಆರಂಭಿಸಿದರು. ಆಮೇಲೆ ತಮ್ಮಂದಿರು, ಹನುಮಂತ, ಸೀತೆ. ರಾಮನ ಸರದಿ ಬಂದಾಗ ಕುಂಚ ಕೆಳಗಿಟ್ಟು, ಕೈ ತೊಳೆದು ಬಂದು, ಉಸಿರು ಹಿಡಿದು ಎರಡು ಸಲ ಮುಟ್ಟಿದರು. ಅಷ್ಟೇ. ನಾನು ಮಂತ್ರವನ್ನೋ ಮಂಗಳಾರತಿಯನ್ನೋ ನಿರೀಕ್ಷಿಸಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕಾಫಿ ಕೇಳಿದರು. ಮರುದಿನ ಪಟದ ಮೇಲೆ ತೆಳುವಾದ ಕಾಗದ ಹಾಸಿ, ನಯವಾದ ಕಲ್ಲಿನಿಂದ ಹಗುರವಾಗಿ ಉಜ್ಜಿದರಂತೆ. ಬಣ್ಣಕ್ಕೂ ಚಿನ್ನಕ್ಕೂ ಒಂದೇ ಬಗೆಯ ತಣ್ಣನೆಯ ಮೆರುಗು ಬರುವುದು ಆ ಉಜ್ಜಿನಿಂದಲೇ.

ಇನ್ನು ತಕರಾರುಗಳು. ರಾಮನವಮಿಯಂದು ಮುಂಗಡ ಪಡೆದು ಶ್ರಾವಣಕ್ಕೆ ಕೊಡುತ್ತೇನೆಂದ ಪಟ ಕೈಗೆ ಬಂದದ್ದು ದೀಪಾವಳಿಯ ಹಿಂದಿನ ದಿನ. ಮಳೆಗಾಲದಲ್ಲಿ ಲೇಪ ಒಣಗುವುದಿಲ್ಲವೆಂಬ ಕಾರಣ ಸರಿಯೇ, ಆದರೆ ಆಷಾಢದ ನಂತರ ಶ್ರಾವಣ ಬರುವುದು ಅವರಿಗೆ ಮೊದಲೇ ಗೊತ್ತಿತ್ತು. ದೂರವಾಣಿ ಮಾಡಿದರೆ ಹನ್ನೊಂದರ ಮೊದಲು ಎತ್ತುವುದಿಲ್ಲ. ರಸೀದಿ ಬೇಕೆಂದರೆ ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆದು ಕೊಡುತ್ತಾರೆ. ಚಿತ್ರದ ವಿಷಯಕ್ಕೆ ಬಂದರೆ, ಭರತ ಶತ್ರುಘ್ನರ ಮುಖಗಳು ಒಂದೇ ಎರಕದವು. ಶ್ಲೋಕದಲ್ಲಿ ಇಬ್ಬರಿಗೂ ಪಕ್ಕವೆಂದಷ್ಟೇ ಇರುವುದರಿಂದ ಯಾರು ಯಾರೆಂದು ತಿಳಿಯಲು ನನಗಂತೂ ಆಗಿಲ್ಲ. ಅಂಗದನ ಎಡಪಾದವು ಅಂಚಿನ ಬಳ್ಳಿಗೆ ತೀರ ಒತ್ತಿಕೊಂಡಿದೆ. ಹಿಂದೆ ನಿಂತು ಛತ್ರಿ ಹಿಡಿದ ಲಕ್ಷ್ಮಣನ ಮುಖ ಮಾತ್ರ ಸಿಂಹಾಸನದ ಮೇಲೆ ಕಾಣುವಂತೆ ಬರೆದಿರುವ ಚಾತುರ್ಯವನ್ನು ನೋಡಿದಾಗ ಈ ದೋಷಗಳು ಸಣ್ಣವೆನಿಸಿದರೂ, ದೋಷ ದೋಷವೇ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಗಾಜು. ಚೌಕಟ್ಟಿಗೆ ಹಾಕಿಸಿದ ಸಾಧಾರಣ ಗಾಜಿನಲ್ಲಿ ಹಗಲು ಹೊತ್ತು ಎದುರಿನ ಕಿಟಕಿಯೇ ಕಾಣುತ್ತದೆ, ರಾಮನಲ್ಲ. ಗಾಜು ತೆಗೆಸಿಬಿಡೋಣವೇ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ನಿಮ್ಮ ಮನೆ, ನಿಮ್ಮ ಇಷ್ಟ" ಎಂದಿದ್ದರು.

ಪಟಕ್ಕೆ ಕೊಟ್ಟದ್ದು 21,000 ರೂಪಾಯಿ. ತೇಗದ ಚೌಕಟ್ಟಿಗೆ ಬೇರೆ 1,800. ಆರು ತಿಂಗಳ ಮುಂಜಾನೆಗಳನ್ನು ಎಣಿಸಿದರೆ ದುಬಾರಿಯೆನ್ನಲಾಗದು, ಆದರೆ ನಮ್ಮಂಥ ಮನೆಗೆ ಸುಲಭವೂ ಅಲ್ಲ. ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ತಿಂಗಳೊಳಗೆ ಪಟ ಬೇಕೆನ್ನುವವರು ಇವರ ಬಳಿ ಹೋಗಬಾರದು; ಸಿದ್ಧ ಪಟಗಳು ಅವರಲ್ಲಿ ಇರುವುದೂ ಇಲ್ಲ. ಬರೆಸಬೇಕೆಂದಿರುವವರು ಮೊದಲು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಚಿತ್ರಗಳನ್ನೋ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹದ ಹಳೆಯ ಮೈಸೂರು ಪಟಗಳನ್ನೋ ಒಂದು ಗಂಟೆ ನಿಂತು ನೋಡಿಬರುವುದು ಒಳಿತು. ಕಣ್ಣಿಗೆ ಆ ಗೆರೆಯ ರುಚಿ ಹತ್ತಿದರೆ ಯಾವುದಕ್ಕೆ ಬೆಲೆ ಕೊಡಬೇಕೆಂಬುದು ತಾನೇ ತಿಳಿಯುತ್ತದೆ.

ಪಟವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಊದುಬತ್ತಿಯನ್ನು ನೇರ ಕೆಳಗೆ ಹಚ್ಚಬಾರದು, ಗಂಧ ಕುಂಕುಮ ತಾಗಿಸಲೇಬಾರದು ಎಂದು ಮೇಷ್ಟ್ರು ಎರಡೆರಡು ಸಲ ಹೇಳಿ ಕಳುಹಿಸಿದ್ದರು. ಈ ಮಳೆಗಾಲದಲ್ಲಿ ಚಿನ್ನ ಒಂದಿಷ್ಟೂ ಕಂದಿಲ್ಲ, ಕಾಗದ ಎಲ್ಲಿಯೂ ಉಬ್ಬಿಲ್ಲ. ಅತ್ತೆಯವರು ವಸಿಷ್ಠರ ವಿಷಯವನ್ನು ಇನ್ನೂ ಮರೆತಿಲ್ಲವಾದರೂ, ಪ್ರತಿದಿನ ಬೆಳಗ್ಗೆ ಸೀತೆಯ ಹಣೆಯ ನೇರಕ್ಕೆ ತಪ್ಪದೆ ಕುಂಕುಮ ಹಚ್ಚುತ್ತಾರೆ. ಅದು ಗಾಜಿಗೆ ಹತ್ತುತ್ತದೆ, ಸಂಜೆ ನಾನು ಒರೆಸುತ್ತೇನೆ. ಗಾಜು ತೆಗೆಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ.